ಬೆರಳಿನ ಓಟ, ಹಾಡಿನ ಮಾತು

ಕೆಲವು ವರ್ಷಗಳ ಹಿಂದೆ ಕಲ್ಯಾಣದ ಸಮೀಪದ ಸಭಾಗೃಹವೊಂದರಲ್ಲಿ ಏರ್ಪಟ್ಟಿದ್ದ ಮಕ್ಕಳ ವಾದ್ಯಸಂಗೀತ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರನಾಗಿ ಕುಳಿತಿದ್ದೆ. ನಾನು ಸಂಗೀತ ವಿದ್ವಾಂಸನಲ್ಲ. ಉಲ್ಹಾಸನಗರದಲ್ಲಿ ನೆಲೆಸಿ ಮೂರು ದಶಕಗಳಾದ, ಠಾಣೆ-ಡೊಂಬಿವಲಿಗಳಲ್ಲಿ ಕಛೇರಿ ಇದ್ದಾಗ ಕೊನೆಯ ಲೋಕಲ್ ಗಾಡಿ ತಪ್ಪುವವರೆಗೂ ಕೂರುವ ಒಬ್ಬ ಕೇಳುಗ ಮಾತ್ರ. ಸಂಘದಲ್ಲಿ ಹಳಬನೆಂಬ ಒಂದೇ ಅರ್ಹತೆಯ ಮೇಲೆ ನನ್ನ ಕೈಗೆ ಅಂಕಪಟ್ಟಿಯನ್ನು ಕೊಟ್ಟಿದ್ದರು. ಅದರಲ್ಲಿ ಐದು ಅಂಕಣಗಳಿದ್ದವು: ಶ್ರುತಿ, ಲಯ, ಸ್ಫುಟತೆ, ವೇಗ, ಭಾವ. ಒಂದೊಂದಕ್ಕೆ ಹತ್ತು ಅಂಕ.

ಗಿಟಾರ್ ಹಿಡಿದು ಬಂದವರಲ್ಲಿ ಇಬ್ಬರು ನೆನಪಿನಲ್ಲಿ ಉಳಿದಿದ್ದಾರೆ. ಹದಿನೇಳರ ಹುಡುಗನೊಬ್ಬ ನಮ್ಮೆಲ್ಲರಿಗೂ ಪರಿಚಿತವಾದ ಭಾವಗೀತೆಯೊಂದನ್ನು ಎತ್ತಿಕೊಂಡು, ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅದನ್ನು ಎಂತಹ ವೇಗಕ್ಕೆ ಏರಿಸಿದನೆಂದರೆ, ಸಭೆ ಕುರ್ಚಿಯ ಅಂಚಿಗೆ ಬಂದು ಕುಳಿತಿತು. ಒಂದು ಸ್ವರವೂ ತಪ್ಪಲಿಲ್ಲ. ಅವನ ನಂತರ ಬಂದ ಹನ್ನೆರಡರ ಹುಡುಗಿಯ ಮೂರನೆಯ ತಂತಿ ತುಸು ಇಳಿದಿತ್ತು, ಕೈಯೂ ನಡುಗುತ್ತಿತ್ತು. ಆದರೆ ಅವಳು ಸಾಲು ಮುಗಿದಲ್ಲಿ ನಿಂತಳು, ಮಾತು ಮುಗಿಯದಲ್ಲಿ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಇಬ್ಬರು ಮೂವರು ವೃದ್ಧೆಯರ ತುಟಿಗಳು ತಮಗೆ ತಾವೇ ಅಲ್ಲಾಡುತ್ತಿದ್ದುದನ್ನು ನಾನು ಕಂಡೆ. ಹುಡುಗ ನುಡಿಸುವಾಗ ಆ ತುಟಿಗಳು ಬಿಗಿದುಕೊಂಡಿದ್ದವು. ಕಂಡದ್ದನ್ನು ಬರೆದಿಡಲು ಅಂಕಪಟ್ಟಿಯಲ್ಲಿ ಜಾಗವಿರಲಿಲ್ಲ.

ಬಹುಮಾನ ಹುಡುಗನಿಗೆ ಹೋಯಿತು. ಹುಡುಗಿಗೆ ಸಮಾಧಾನಕರ ಬಹುಮಾನವೂ ಸಿಗಲಿಲ್ಲ. ಮನೆಗೆ ಮರಳಿ ನನ್ನ ಹಾಳೆಯ ಪ್ರತಿಯನ್ನು ನೋಡಿದಾಗ ನಾಚಿಕೆಯಾಯಿತು. ನಾಲ್ಕು ಅಂಕಣಗಳಲ್ಲಿ ನಾಲ್ಕರಿಂದ ಹತ್ತರವರೆಗೆ ಅಂಕಗಳು ಏರಿಳಿದಿದ್ದವು. ಭಾವದ ಅಂಕಣದಲ್ಲಿ ಮಾತ್ರ ಎಲ್ಲ ಸ್ಪರ್ಧಿಗಳಿಗೂ ಏಳೇ ಏಳು. ಅಂದರೆ ಭಾವವನ್ನು ನಾನು ಅಳೆಯಲೇ ಇಲ್ಲ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಸಮನಾಗಿ ಹಂಚಿಬಿಟ್ಟೆ. ಉಳಿದ ತೀರ್ಪುಗಾರರ ಹಾಳೆಗಳೂ ಇದಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲವೆಂದು ಆಮೇಲೆ ತಿಳಿಯಿತು.

ಆ ಸಂಜೆಯ ಚಹಾದ ಹೊತ್ತಿಗೆ ಎರಡು ಪಕ್ಷಗಳಾಗಿದ್ದವು. ಹಿರಿಯರ ಪಕ್ಷ, ‘ಇದು ಸಂಗೀತವಲ್ಲ, ಸರ್ಕಸ್ಸು’ ಎಂದಿತು. ಕಿರಿಯರ ಪಕ್ಷ, ‘ಕೈ ಸಾಗದವರು ಭಾವದ ಹೆಸರು ಹೇಳಿ ತಪ್ಪು ಮುಚ್ಚಿಕೊಳ್ಳುತ್ತಾರೆ’ ಎಂದು ತಿರುಗೇಟು ಕೊಟ್ಟಿತು. ನಾನು ಅಂದು ಮೌನವಾಗಿದ್ದೆ. ಇಂದು ಹೇಳಬೇಕೆನಿಸುವುದು ಇಷ್ಟು: ಕಿರಿಯರ ಮಾತಿನಲ್ಲಿ ಹಿರಿಯರು ಒಪ್ಪಲೇಬೇಕಾದ ಸತ್ಯವಿದೆ. ಇಳಿದ ತಂತಿ ಇಳಿದ ತಂತಿಯೇ. ದಿನಕ್ಕೆ ನಾಲ್ಕು ಗಂಟೆ ಕುಳಿತು ಬೆರಳ ತುದಿ ಗಟ್ಟಿಯಾಗಿಸಿಕೊಂಡ ಹುಡುಗನನ್ನು ಸರ್ಕಸ್ಸಿನವನೆಂದು ಹೀಯಾಳಿಸುವುದು ದುಡಿಮೆಗೆ ಮಾಡಿದ ಅವಮಾನ. ಹಾಗಿದ್ದೂ ಅವರ ವಾದದಲ್ಲೊಂದು ದೋಷವಿದೆ. ಭಾವವೆಂಬುದು ಕೈಚಳಕದ ಕೊರತೆಯನ್ನು ತುಂಬುವ ಸಾಂತ್ವನವೆಂದು ಅವರು ತಿಳಿದಿದ್ದಾರೆ. ವಾದ್ಯಗಳ ಚರಿತ್ರೆ ಹೇಳುವುದು ಬೇರೆಯೇ ಕಥೆಯನ್ನು.

ಗಿಟಾರನ್ನೇ ನೋಡೋಣ. ಅದರ ಕೊರಳಿನ ಮೇಲೆ ಲೋಹದ ಫ್ರೆಟ್‌ಗಳು, ಎಂದರೆ ವೀಣೆಯ ಮೆಟ್ಟಿಲುಗಳಂಥವು, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಕೂರಿಸಲ್ಪಟ್ಟಿವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುವುದು ಅದರ ಹುಟ್ಟುಗುಣ. ನಮ್ಮ ಸಂಗೀತಕ್ಕೆ ಬೇಕಾದದ್ದು ಜಾರುವುದು: ಹಿಂದೂಸ್ತಾನಿಯ ಮೀಂಡ್, ಕರ್ನಾಟಕ ಪದ್ಧತಿಯ ಗಮಕ. ಈ ಎರಡರ ನಡುವಿನ ಕಂದಕವನ್ನು ದಾಟಿದವರು ಹೇಗೆ ದಾಟಿದರು? ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ, ಅಲಿ ಅಕ್ಬರ್ ಖಾನರ ಶಿಷ್ಯರು, ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಹವಾಯಿ ದ್ವೀಪದವರ ರೀತಿಯಲ್ಲಿ ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸುತ್ತ ಅದರಿಂದ ರಾಗದ ಆಲಾಪವನ್ನು ಹೊರಡಿಸಿದರು. 1967ರಲ್ಲಿ ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಡನೆ ಅವರು ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆ ಇಂದಿಗೂ ಮನೆಮನೆಯಲ್ಲಿದೆ. ಜಯಪುರದ ವಿಶ್ವಮೋಹನ ಭಟ್ಟರು ಅದೇ ಗಿಟಾರಿಗೆ ಅನುರಣನದ ತರಬ್ ತಂತಿಗಳನ್ನು ಜೋಡಿಸಿ ಮೋಹನವೀಣೆಯೆಂದು ಕರೆದರು. ರೈ ಕೂಡರ್ ಅವರೊಂದಿಗಿನ ಧ್ವನಿಮುದ್ರಿಕೆಗಾಗಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. 1970ರ ದಶಕದಲ್ಲಿ ‘ಶಕ್ತಿ’ ತಂಡದ ಜಾನ್ ಮೆಕ್ಲಾಕ್ಲಿನ್ ಫ್ರೆಟ್‌ಗಳ ನಡುವಿನ ಮರವನ್ನು ಕೊರೆಸಿದ ಗಿಟಾರನ್ನೇ ಹಿಡಿದರು. ತಂತಿಯನ್ನು ಎಳೆದು ಗಮಕ ತರಲು ಬೆರಳಿಗೆ ಆಗ ಹೆಚ್ಚು ಅವಕಾಶ ಸಿಕ್ಕಿತು.

ಇವರೆಲ್ಲರೂ ವೇಗದಲ್ಲಿ ಯಾರಿಗೂ ಕಡಿಮೆಯವರಲ್ಲ. ಆದರೆ ಅವರು ವಾದ್ಯವನ್ನು ಕೊರೆದದ್ದು, ಮಲಗಿಸಿದ್ದು, ತಂತಿ ಸೇರಿಸಿದ್ದು ವೇಗಕ್ಕಾಗಿ ಅಲ್ಲ. ಕಿವಿಯೊಳಗೆ ಮೊದಲೇ ಕೇಳಿಸಿದ್ದ ಒಂದು ಎಳೆತ ಕೈಗೆ ದಕ್ಕದೆ ಹೋದದ್ದರಿಂದ. ಭಾವ ಮುಂದೆ ನಡೆಯಿತು, ತಂತ್ರ ಅದರ ಹಿಂದೆ ಓಡಿ ಬಂದಿತು. ಮೀಂಡ್ ಎಳೆಯುವವನಿಗೆ ವೇಗದ ತಾನಿನವನಿಗಿಂತ ಕಡಿಮೆ ಸಾಧನೆ ಸಾಲದು. ಜಾರುವ ಸರಳು ಕೂದಲೆಳೆಯಷ್ಟು ಆಚೀಚೆಯಾದರೆ ಸ್ವರವೇ ಕೆಡುತ್ತದೆ. ಹಾಗಾಗಿ ಚಹಾದ ಹೊತ್ತಿನ ಎರಡೂ ಪಕ್ಷಗಳು ತಪ್ಪು ಗೆರೆಯ ಎರಡು ಬದಿಗೆ ನಿಂತಿದ್ದವು. ಭಾವವೂ ಕೌಶಲವೇ. ಎಣಿಸಲು ಸುಲಭವಲ್ಲದ ಕೌಶಲವಾದ್ದರಿಂದ ನಾವು ಅದಕ್ಕೆ ಬೇರೆ ಹೆಸರಿಟ್ಟು, ಎಲ್ಲರಿಗೂ ಏಳೇಳು ಅಂಕ ಕೊಟ್ಟು ಕೈತೊಳೆದುಕೊಂಡೆವು.

ಇನ್ನು ನಮ್ಮ ಊರಿನ ವಿಷಯ. ಉಲ್ಹಾಸನಗರವೆಂದರೆ ನಕಲು ಸಾಮಾನಿನ ಊರೆಂದು ನಗುವವರಿದ್ದಾರೆ. ‘ಮೇಡ್ ಇನ್ ಯುಎಸ್‌ಎ’ ಎಂದರೆ ‘ಉಲ್ಹಾಸನಗರ ಸಿಂಧಿ ಅಸೋಸಿಯೇಷನ್’ ಎಂಬ ಹಳೆಯ ಕುಚೋದ್ಯವನ್ನು ಕೇಳದವರಿಲ್ಲ. ಎರಡನೆಯ ಮಹಾಯುದ್ಧದ ಸೈನಿಕ ಶಿಬಿರವಾಗಿದ್ದ ಈ ಜಾಗಕ್ಕೆ ದೇಶವಿಭಜನೆಯ ನಂತರ ಮನೆಮಠ ಕಳೆದುಕೊಂಡ ಸಿಂಧಿಗಳು ಬಂದಿಳಿದರು. 1949ರಲ್ಲಿ ರಾಜಾಜಿಯವರು ಗವರ್ನರ್ ಜನರಲ್ ಆಗಿದ್ದಾಗ ಇದು ಉಲ್ಹಾಸನಗರವಾಯಿತು. ಇಂದಿಗೂ ನಾವು ವಿಳಾಸ ಹೇಳುವುದು ‘ಮೂರನೆಯ ಕ್ಯಾಂಪ್’, ‘ನಾಲ್ಕನೆಯ ಕ್ಯಾಂಪ್’ ಎಂದೇ. ಎಲ್ಲವನ್ನೂ ಕಳೆದುಕೊಂಡವನು ಮೊದಲು ಮಾಡುವುದು ಕಣ್ಣೆದುರಿನ ವಸ್ತುವಿನಂಥದೇ ಇನ್ನೊಂದನ್ನು. ನಕಲು ಕೂಡ ಒಂದು ಕಲಿಕೆಯೆಂಬುದನ್ನು ಈ ಊರಿನಲ್ಲಿ ಬಾಳಿದ ನಾನು ಹೀನಾಯವಾಗಿ ಕಾಣಲಾರೆ. ನಮ್ಮ ಹುಡುಗ ವಿಡಿಯೋ ನೋಡಿ ಸ್ವರಕ್ಕೆ ಸ್ವರ ಇಟ್ಟು ನುಡಿಸಿದ್ದರಲ್ಲಿಯೂ ತಪ್ಪಿಲ್ಲ.

ಕನ್ನಡಿಗರಾದ ನಾವು ಇಲ್ಲಿ ನೆನೆಯಬೇಕಾದ ಹೆಸರೊಂದಿದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಲಿಯೆಂಬ ಬಾಲಕ, ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಅವರಂತೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದ. ಆ ಬೆರಗಿನಿಂದಲೇ ಅವನಿಗೆ ಕುಮಾರ ಗಂಧರ್ವನೆಂಬ ಬಿರುದು ಬಂದದ್ದು. ಅಲ್ಲಿಗೇ ನಿಂತಿದ್ದರೆ ಆತ ಅದ್ಭುತ ನಕಲುಗಾರನೆಂದು ಮರೆಯಾಗುತ್ತಿದ್ದ. 1930ರ ದಶಕದಲ್ಲಿ ಮುಂಬಯಿಗೆ ಬಂದು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ಬಿ. ಆರ್. ದೇವಧರ್ ಅವರ ಬಳಿ ಕಲಿತ. 1940ರ ದಶಕದ ಕೊನೆಯಲ್ಲಿ ಕ್ಷಯರೋಗ ತಗುಲಿ, ಮಾಳವದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಹಾಸಿಗೆಯಲ್ಲಿ ಮಲಗಬೇಕಾಯಿತು. ಅಲ್ಲಿ ಅವರ ಕಿವಿಗೆ ಬಿದ್ದದ್ದು ಸುತ್ತಲಿನ ಹೆಂಗಸರು ಹಾಡುವ ಜನಪದ ಹಾಡುಗಳು. ಒಂದು ಶ್ವಾಸಕೋಶ ಹಾಳಾಗಿ, ಮರಳಿ ವೇದಿಕೆಗೆ ಬಂದಾಗ ದೀರ್ಘ ಉಸಿರಿನ ಹಳೆಯ ವೈಭವ ಸಾಧ್ಯವಿರಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳಲ್ಲಿ, ನಡುನಡುವೆ ಮೌನವಿಟ್ಟು ಕಟ್ಟಿದ ಆ ಗಾಯನವನ್ನೇ ನಾವು ಇಂದು ಕುಮಾರರ ಗಾಯನವೆನ್ನುವುದು.

ಗಿಟಾರ್ ಲೋಕದಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. ಜ್ಯಾಝ್ ವಾದಕ ಜ್ಯಾಂಗೋ ರೈನ್‌ಹಾರ್ಟ್ 1928ರಲ್ಲಿ ಬೆಂಕಿ ಅವಘಡಕ್ಕೆ ಸಿಕ್ಕಿ, ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡರು. ಉಳಿದ ಎರಡು ಬೆರಳುಗಳಿಗೆ ಹೊಸ ದಾರಿ ಕಲಿಸಿ, 1934ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕಟ್ಟಿದ ತಂಡದಿಂದ ಜಗತ್ತನ್ನೇ ತಿರುಗಿ ನೋಡಿಸಿದರು. ರೋಗವೂ ಗಾಯವೂ ಯಾರಿಗೂ ಕಲೆಯನ್ನು ಕೊಡುವುದಿಲ್ಲ. ಅಂಥ ಮಾತು ಕ್ರೂರವಾದೀತು. ಕಡಿಮೆಯಾದ ಉಸಿರನ್ನು, ಕಡಿಮೆಯಾದ ಬೆರಳನ್ನು ಎಲ್ಲಿ ಖರ್ಚುಮಾಡಬೇಕೆಂದು ಇಬ್ಬರೂ ಪ್ರತಿಕ್ಷಣ ನಿರ್ಧರಿಸಬೇಕಾಯಿತು. ಆ ನಿರ್ಧಾರವೇ ಕೇಳುಗನಿಗೆ ಭಾವವಾಗಿ ತಲುಪುತ್ತದೆ. ಹತ್ತು ಸ್ವರ ಸುಲಭವಾಗಿ ಸಿಗುವಾಗ ಒಂದನ್ನೇ ಆರಿಸುವ ಕಾರಣ ನಮ್ಮ ಹುಡುಗನಿಗೆ ಇರಲಿಲ್ಲ.

ಏಕೆ ಇರಲಿಲ್ಲ? ಸ್ಪರ್ಧೆ ಮುಗಿದ ಮೇಲೆ ಅವನನ್ನು ಕರೆದು ಬೆನ್ನು ತಟ್ಟಿ, ಆ ಹಾಡಿನ ಅರ್ಥವೇನಪ್ಪಾ ಎಂದು ಕೇಳಿದೆ. ಅವನು ಸಂಕೋಚದಿಂದ, ‘ಅಂಕಲ್, ನನಗೆ ಟ್ಯೂನ್ ಗೊತ್ತು, ಮಾತು ಗೊತ್ತಿಲ್ಲ’ ಎಂದ. ಮನೆಯಲ್ಲಿ ಮಾತಾಡುವ ಕನ್ನಡ ಅವನಿಗೆ ಬರುತ್ತದೆ, ಓದಲು ಬಾರದು. ಶಾಲೆ ಇಂಗ್ಲಿಷಿನದು, ಗೆಳೆಯರು ಹಿಂದಿ-ಮರಾಠಿ-ಸಿಂಧಿಯವರು, ತಂದೆ ಬೆಳಗಿನ ಐದಕ್ಕೆ ಹೋಟೆಲಿಗೆ ಹೋದರೆ ಬರುವುದು ರಾತ್ರಿ. ಆ ಹಾಡನ್ನು ಅವನಿಗೆ ಓದಿ ಹೇಳಬೇಕಾದವರು ಯಾರು? ವರ್ಷಕ್ಕೊಮ್ಮೆ ಬಹುಮಾನ ಹಂಚುವ ನಾವಲ್ಲವೇ?

ವಾದ್ಯಕ್ಕೆ ಮಾತೇಕೆ, ಆಲಾಪಕ್ಕೆ ಸಾಹಿತ್ಯವೆಲ್ಲಿದೆ ಎಂದು ಬಲ್ಲವರು ಕೇಳಬಹುದು. ರಾಗಾಲಾಪದ ಮಟ್ಟಿಗೆ ಅವರ ಮಾತು ಸರಿ. ಆದರೆ ನಮ್ಮ ಮಕ್ಕಳು ಸಂಘದ ವೇದಿಕೆಯಲ್ಲಿ ನುಡಿಸುವುದು ಹಾಡನ್ನು. ಹಿಂದೆ ವ್ಯಾನ್ ಶಿಪ್ಲಿಯವರು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ ಹಿಂದಿ ಚಿತ್ರಗೀತೆಗಳ ತಟ್ಟೆಗಳನ್ನು ಜನ ಮುಗಿಬಿದ್ದು ಕೊಂಡದ್ದೇಕೆ? ಕೇಳುಗನಿಗೆ ಪ್ರತಿ ಸಾಲಿನ ಮಾತೂ ಕಂಠಸ್ಥವಾಗಿತ್ತು. ತಂತಿ ಮಿಡಿದಾಗ ಅವನೊಳಗೆ ಮಾತು ಏಳುತ್ತಿತ್ತು. ನುಡಿಸುವವನಿಗೂ ಕೇಳುವವನಿಗೂ ಅದೇ ಮಾತು ಗೊತ್ತಿರುವಾಗ ಮಾತಿಲ್ಲದ ವಾದ್ಯವೂ ಮಾತಾಡುತ್ತದೆ. ಅಂದು ಆ ವೃದ್ಧೆಯರ ತುಟಿ ಅಲ್ಲಾಡಿದ್ದು ಇದೇ ಕಾರಣಕ್ಕೆ. ಪಿ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರವರೆಗೆ ನಮ್ಮ ಭಾವಗೀತೆಯ ಪರಂಪರೆ ಕವಿತೆಯ ಮಾತನ್ನು ಜನರ ಬಾಯಿಗೆ ತಲುಪಿಸಲು ಹುಟ್ಟಿದ್ದು. ಮಾತನ್ನು ಕಳಚಿ ಧಾಟಿಯನ್ನಷ್ಟೇ ಉಳಿಸಿಕೊಂಡರೆ ನಮ್ಮ ಕೈಯಲ್ಲಿ ಉಳಿಯುವುದು ತೊಟ್ಟಿಲು, ಮಗುವಲ್ಲ.

ಈ ರೋಗ ಹೊರನಾಡಿಗೆ ಮಾತ್ರ ಸೀಮಿತವೂ ಅಲ್ಲ. ಕುವೆಂಪು ವಿರಚಿತ ನಾಡಗೀತೆಯನ್ನು ಯಾವ ಧಾಟಿಯಲ್ಲಿ, ಎಷ್ಟು ನಿಮಿಷ ಹಾಡಬೇಕೆಂದು ಒಳನಾಡಿನಲ್ಲಿ ವರ್ಷಗಟ್ಟಲೆ ವಾದ ನಡೆದು, ಕಡೆಗೆ 2022ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಮಿತಿಯನ್ನೂ ಗೊತ್ತುಪಡಿಸಿತು. ನಿಮಿಷಗಳ ಬಗ್ಗೆ ನಡೆದಷ್ಟು ಚರ್ಚೆ, ಅದನ್ನು ಹಾಡುವ ಮಕ್ಕಳಿಗೆ ಅದರೊಳಗಿನ ಹೆಸರುಗಳು ಯಾರವೆಂದು ತಿಳಿದಿದೆಯೇ ಎಂಬುದರ ಬಗ್ಗೆ ನಡೆಯಲಿಲ್ಲ. ಅಳೆಯಲು ಸುಲಭವಾದದ್ದನ್ನೇ ಅಳೆಯುವ ಚಟ ಸರ್ಕಾರಕ್ಕೂ ಇದೆ, ಸಂಘಗಳಿಗೂ ಇದೆ, ನನಗೂ ಇತ್ತು.

ಠಾಣೆ, ಕಲ್ಯಾಣ, ಡೊಂಬಿವಲಿ, ಅಂಬರನಾಥ, ನವಿಮುಂಬಯಿಗಳ ಕನ್ನಡ ಬಂಧುಗಳ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಒಂದು: ಸ್ಪರ್ಧೆಯ ಅಂಕಪಟ್ಟಿಯಿಂದ ವೇಗದ ಅಂಕಣವನ್ನು ತೆಗೆದುಹಾಕೋಣ. ಹಾಡಿಗೆ ಬೇಕಾದ ವೇಗ ಲಯದೊಳಗೇ ಅಡಗಿದೆ. ಎರಡು: ನುಡಿಸುವ ಮೊದಲು ಸ್ಪರ್ಧಿಯು ಆ ಹಾಡು ಯಾರದು, ಏನು ಹೇಳುತ್ತದೆ ಎಂದು ಒಂದು ನಿಮಿಷ ತನ್ನ ಮಾತಿನಲ್ಲಿ ಹೇಳಲಿ, ತಪ್ಪು ಕನ್ನಡವಾದರೂ ಚಿಂತೆಯಿಲ್ಲ. ಮೂರು: ಸ್ಪರ್ಧೆಗೆ ಎರಡು ತಿಂಗಳ ಮೊದಲಿನಿಂದ ಭಾನುವಾರಗಳಂದು, ಹಾಡು ಬಲ್ಲ ಹಿರಿಯರನ್ನು ಮಕ್ಕಳೊಡನೆ ಕೂರಿಸೋಣ. ಅಜ್ಜಿ ಹಾಡಲಿ, ಮಗು ಅವಳ ಉಸಿರು ನೋಡಿ ಗಿಟಾರಿನಲ್ಲಿ ನಿಲ್ಲುವುದನ್ನು ಕಲಿಯಲಿ. ಇದಕ್ಕೆ ದೇಣಿಗೆ ಬೇಡ, ಸಭಾಗೃಹ ಬೇಡ; ಯಾರದಾದರೂ ಮನೆಯ ಹೊರಕೋಣೆ ಸಾಕು.

ಆ ಹುಡುಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ದೀಪಾವಳಿಯಲ್ಲಿ ಅವನ ಮನೆಗೆ ಹೋದಾಗ ಗಿಟಾರ್ ಗೋಡೆಯ ಮೇಲಿತ್ತು. ಅದೇ ಹಾಡನ್ನು ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ಎರಡನೆಯ ಚರಣದ ಒಂದು ಶಬ್ದಕ್ಕೆ ನನಗೇ ಅರ್ಥ ಹೊಳೆಯಲಿಲ್ಲ. ನಿಘಂಟು ನೋಡಿ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ಅವನು ಗಿಟಾರನ್ನು ಕೆಳಗಿಳಿಸಿ ಶ್ರುತಿ ಮಾಡಿದ. ಆ ಶಬ್ದದವರೆಗೆ ನುಡಿಸಿ, ಅಲ್ಲಿ ನಿಲ್ಲಿಸಿದ.