ನೊಗ ಕಟ್ಟಿ ನೋಡಿದ ಮೇಲೆ ಬೆಲೆ

ಬೇಬಿ ಬೆಟ್ಟದ ದನಗಳ ಜಾತ್ರೆಗೆ ಕ್ಯಾತನಹಳ್ಳಿ ಕಡೆಯಿಂದ ಹೋದ ರೈತ ಮೊದಲೇ ಬೆಲೆ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದು ಆಮೇಲೆ. ಸೈನಿಕನಿಗೆ ಬೇಕಾದ್ದನ್ನು ಸರ್ಕಾರ ಕೊಳ್ಳುವಾಗಲೂ ಪರೀಕ್ಷೆಗೆ ಇಷ್ಟೇ ತೂಕ ಸಿಗಬೇಕು.

ಈ ಸೀಮೆಯ ಎತ್ತುಗಳೇ ಒಂದು ಕಾಲಕ್ಕೆ ಸೈನ್ಯದ ಮುಖ್ಯ ಸಲಕರಣೆಯಾಗಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ರಾಸುಗಳ ಇಲಾಖೆಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್ ಮೂಲದ ಈ ರಾಸುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರ ಮುಟ್ಟಿದನೆಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. ಸೋತಾಗಲೂ ಶತ್ರುವಿನ ಕಣ್ಣೆದುರೇ ತೋಪುಗಳನ್ನು ಎಳೆದುಕೊಂಡು ಹೋಗುವ ಶಕ್ತಿ ಅವಕ್ಕಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹಿಂಡುಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿಯ ದಂಡಯಾತ್ರೆಗಳ ವೇಗಕ್ಕೂ ಅವೇ ಕಾರಣವಾದವು.

1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಈ ಇಲಾಖೆಯನ್ನೇ ಮುಚ್ಚಿಸಿ ಹಿಂಡುಗಳನ್ನು ಮಾರಿಸಿದ. ತಪ್ಪು ಬೇಗನೆ ಗೊತ್ತಾಯಿತು. 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ಮೇವಿನ ಖರ್ಚು ಲೆಕ್ಕದ ಪುಸ್ತಕದಲ್ಲಿ ಸಾಲು ಸಾಲಾಗಿ ಇರುತ್ತದೆ. ಕೆಸರಿನಲ್ಲಿ ತೋಪಿನ ಗಾಲಿ ಹೂತಾಗ ಎತ್ತು ಮಂಡಿಯೂರಿ ಎಳೆಯುತ್ತದೋ ಮಲಗಿಬಿಡುತ್ತದೋ ಎಂಬುದಕ್ಕೆ ಅಲ್ಲಿ ಕಾಲಂ ಇರುವುದಿಲ್ಲ.

ಇವತ್ತಿನ ಖರೀದಿಯಲ್ಲೂ ತೊಡಕು ಇಲ್ಲೇ ಇದೆ. ಮೊದಲು ಗುಣಮಟ್ಟದ ಪಟ್ಟಿ, ಆಮೇಲೆ ಕ್ಷೇತ್ರ ಪರೀಕ್ಷೆ, ಪಾಸಾದವರಲ್ಲಿ ಕಡಿಮೆ ಬೆಲೆಯವನಿಗೆ ಟೆಂಡರ್. ಈ ನಿಯಮವನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಇಷ್ಟ ಬಂದವರಿಗೆ ಗುತ್ತಿಗೆ ಕೊಡುವ ದಾರಿಯನ್ನು ಅದು ಕಟ್ಟಿಹಾಕುತ್ತದೆ. ಆದರೆ ಅಂಚಿನಲ್ಲಿ ಪಾಸಾದ ಮಾಲಿಗೂ ಬಹಳ ಚೆನ್ನಾಗಿ ಪಾಸಾದ ಮಾಲಿಗೂ ಅದರ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಕಂಕುಳ ಉಜ್ಜುವ ಜಾಕೆಟ್ಟು, ಮಲಗಿ ಗುರಿ ಹಿಡಿದಾಗ ಕತ್ತಿಗೆ ಒತ್ತುವ ಜಾಕೆಟ್ಟು ಗುಂಡನ್ನು ತಡೆದರೆ ಸಾಕು, ಪಾಸು. ಅದನ್ನು ತೊಟ್ಟು ದಿನವಿಡೀ ಬೆಟ್ಟ ಹತ್ತುವವನು ಸುಸ್ತಾದರೆ ಅದಕ್ಕೆ ಅಂಕವಿಲ್ಲ.

ಪಟ್ಟಿಯನ್ನೇ ಬಿಗಿ ಮಾಡಿದರಾಯಿತು ಎನ್ನುವವರಿದ್ದಾರೆ. ಅದರ ಫಲ ಏನೆಂದು ಗುಂಡುನಿರೋಧಕ ಜಾಕೆಟ್ಟಿನ ಕಥೆಯೇ ತೋರಿಸಿದೆ. 2009ರಲ್ಲಿ 1,86,138 ಜಾಕೆಟ್ಟುಗಳಿಗೆ ಒಪ್ಪಿಗೆ ಸಿಕ್ಕಿತು. ಪರೀಕ್ಷೆಗಳಲ್ಲಿ ಮಾದರಿಗಳು ಬಿದ್ದವು, ಪ್ರಕ್ರಿಯೆ ಮತ್ತೆ ಮೊದಲಿನಿಂದ ಆರಂಭವಾಯಿತು. 2016ರಲ್ಲಿ ತುರ್ತಿಗೆಂದು 50,000 ಕೊಂಡರು. ಪೂರ್ತಿ ಸಂಖ್ಯೆಗೆ ಗುತ್ತಿಗೆ ಸಹಿಯಾದದ್ದು 2018ರ ಏಪ್ರಿಲ್‌ನಲ್ಲಿ, 639 ಕೋಟಿ ರೂಪಾಯಿಗೆ. ಒಂಬತ್ತು ವರ್ಷ! ಆ ಒಂಬತ್ತು ವರ್ಷವೂ ಕಾಶ್ಮೀರದ ಕಾಡಿನಲ್ಲಿ ಗಸ್ತು ನಡೆದೇ ಇತ್ತು. ಇಂಥ ಜಾಕೆಟ್ಟಿಗೆ ದೇಶದ್ದೇ ಆದ ಮಾನದಂಡ, ಐಎಸ್ 17051, ಹೊರಬಿದ್ದದ್ದೂ 2018ರಲ್ಲೇ. ಅಳತೆಗೋಲು ಮೊದಲೇ ಇದ್ದಿದ್ದರೆ ತಯಾರಕರಿಗೂ ಏನು ಮಾಡಬೇಕೆಂದು ತಿಳಿದಿರುತ್ತಿತ್ತು.

ತಡವೂ ಒಂದು ಬಗೆಯ ಕಳಪೆ ಮಾಲೇ. ಸಿಯಾಚಿನ್‌ನಂಥ ಕಡೆ ಹಿಮಕನ್ನಡಕ, ಬೂಟುಗಳ ಕೊರತೆಯಿದ್ದದ್ದನ್ನು 2020ರ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿ ಹೇಳಿತು. ಕಣ್ಣು ಕುಕ್ಕುವ ಆ ಹಿಮದ ಬೆಳಕಿಗೆ ಟೆಂಡರ್ ಎಲ್ಲಿಗೆ ಬಂತೆಂಬುದು ಲೆಕ್ಕಕ್ಕಿಲ್ಲ.

ಬೇಬಿ ಬೆಟ್ಟಕ್ಕೆ ಹತ್ತಿರದ ಮೈಸೂರಿನಲ್ಲಿ 1961ರಿಂದ ರಕ್ಷಣಾ ಆಹಾರ ಸಂಶೋಧನಾಲಯವಿದೆ. ತಿಂಗಳುಗಟ್ಟಲೆ ಕೆಡದ ಪೊಟ್ಟಣದ ಊಟವನ್ನು ಸೈನಿಕರಿಗಾಗಿ ರೂಪಿಸುವ ಜಾಗ ಅದು. ಬಹಳ ಎತ್ತರದಲ್ಲಿ ಹಸಿವೇ ಸಾಯುತ್ತದೆ. ಕ್ಯಾಲೊರಿ ಎಷ್ಟಿದ್ದರೇನು, ಬಾಯಿಗೆ ಹಿಡಿಸದ ಊಟ ಪೊಟ್ಟಣದಲ್ಲೇ ಉಳಿದರೆ ಮೈಗೆ ಬಲವಿಲ್ಲ. ಉಣ್ಣುವವನ ನಾಲಿಗೆಯೂ ಪರೀಕ್ಷಾ ಸಾಧನವೆಂದು ಅಡುಗೆಯ ವಿಷಯದಲ್ಲಿ ಎಲ್ಲರೂ ಒಪ್ಪುತ್ತಾರೆ. ಬೂಟಿನ ವಿಷಯದಲ್ಲಿ ಹಿಮ್ಮಡಿಯ ಮಾತಿಗೆ ಅಷ್ಟು ಬೆಲೆ ಯಾಕಿಲ್ಲ?

ಸಿಪಾಯಿಯ ಮೆಚ್ಚುಗೆಯೊಂದನ್ನೇ ನೆಚ್ಚಿ ಕೊಳ್ಳಲಾಗದು, ನಿಜ. ಹಗುರವಾದದ್ದನ್ನು ಎಲ್ಲರೂ ಮೆಚ್ಚುತ್ತಾರೆ. ಗುಂಡು ತಡೆಯುತ್ತದೋ ಇಲ್ಲವೋ ಪ್ರಯೋಗಾಲಯವೇ ಹೇಳಬೇಕು. ಆ ಗೆರೆ ದಾಟಿದ ಮೇಲೆ ಮಾತ್ರ ತೊಟ್ಟವನ ಮಾತಿಗೆ ಅಂಕ ಸಿಗಲಿ ಎನ್ನುತ್ತೇನೆ. ಇದಕ್ಕೆ ಹೊಸ ಕಾನೂನೂ ಬೇಡ. ಬೇಕಾದ್ದಕ್ಕಿಂತ ಹೆಚ್ಚಿನ ಗುಣ ತೋರಿದ ಮಾಲಿಗೆ ಬೆಲೆಯ ಹೋಲಿಕೆಯಲ್ಲಿ ಸ್ವಲ್ಪ ಅನುಕೂಲ ಕೊಡುವ ಅವಕಾಶವನ್ನು ರಕ್ಷಣಾ ಖರೀದಿ ನಿಯಮಾವಳಿ 2016ರಲ್ಲೇ ತೆರೆದಿತ್ತು. ಜಾಕೆಟ್ಟು, ಬೂಟು, ಹೆಲ್ಮೆಟ್ಟು, ಬೆನ್ನಚೀಲಗಳಂಥ ಮೈಗೆ ತಾಗುವ ಸಾಮಾನಿಗೆ ಅದನ್ನು ಕಡ್ಡಾಯ ಮಾಡಬೇಕು. ಮರಳುಗಾಡಿನ ಮೇ ತಿಂಗಳಲ್ಲಿ, ಲಡಾಖಿನ ಜನವರಿಯಲ್ಲಿ ಅವನ್ನು ತೊಟ್ಟ ಜವಾನರು ಕೊಟ್ಟ ಅಂಕಗಳನ್ನು ಬೆಲೆಯ ಲಕೋಟೆ ಒಡೆಯುವ ಮೊದಲೇ ಕಡತಕ್ಕೆ ಸೇರಿಸಿ ಮೊಹರು ಹಾಕಬೇಕು.