ಚಲನಚಿತ್ರಗಳು: ಕೊಂಡುದೋ, ಕಡ ತಂದುದೋ?

ಚಲನಚಿತ್ರಗಳ ಡಿವಿಡಿಗಳನ್ನು ಕೊಂಡು ಮನೆಯಲ್ಲಿಡುವುದು ಈಗ ಹಳಬರ ಹುಚ್ಚೆಂದು ಎಣಿಸಲ್ಪಡುತ್ತಿದೆ. ಹದಿನೈದು ವರ್ಷಗಳ ಕೆಳಗೆ ಬಸ್ಸು ನಿಲ್ದಾಣದ ಮಗ್ಗುಲಲ್ಲಿಯೂ ಪೇಟೆಬೀದಿಯಲ್ಲಿಯೂ ಸಾಲುಗಟ್ಟಿದ್ದ ಡಿವಿಡಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿಹೋಗಿ, ಅವುಗಳ ಜಾಗದಲ್ಲಿ ಮೊಬೈಲು ರಿಪೇರಿಯ ಅಂಗಡಿಗಳು ಕುಳಿತಿವೆ. “ತಿಂಗಳಿಗಿಷ್ಟೆಂದು ತೆತ್ತು ಗುಂಡಿಯೊತ್ತಿದರೆ ಸಾವಿರಾರು ಚಿತ್ರಗಳು ಎದುರಿಗೆ ಬಂದು ನಿಲ್ಲುವಾಗ, ಬೀರುವಿನಲ್ಲಿ ಧೂಳು ಹಿಡಿಯುವ ಈ ತಟ್ಟೆಗಳೇಕೆ?” ಎಂಬುದು ಹೊಸಬರ ಪ್ರಶ್ನೆ. ಪ್ರಶ್ನೆಯನ್ನು ಕೇಳಿದವರು ಉತ್ತರಕ್ಕೆ ಕಾಯುವ ವಾಡಿಕೆ ಇಲ್ಲ. ಆದರೂ ಉತ್ತರವುಂಟು, ಅದನ್ನು ಹೇಳದೆ ಬಿಟ್ಟರೆ ಮುಂದಣ ತಲೆಮಾರಿಗೆ ಆಗುವ ನಷ್ಟ ಸಾಮಾನ್ಯವಾದುದಲ್ಲ.

ಮೊದಲು ‘ಕೊಳ್ಳುವುದು’ ಎಂಬ ಮಾತಿನ ಅರ್ಥವನ್ನು ವಿಚಾರಿಸಬೇಕು. ಎಮ್ಮೆಯನ್ನು ಕೊಂಡವನು ಅದನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟುತ್ತಾನೆ. ಕರೆಯುತ್ತಾನೆ, ಮಗಳಿಗೆ ಬಳುವಳಿಯಾಗಿ ಕೊಡುತ್ತಾನೆ, ಬೇಡವಾದರೆ ಸಂತೆಗೆ ಹೊಡೆಯುತ್ತಾನೆ. ಮಾರಿದವನು ನಡುರಾತ್ರಿಯಲ್ಲಿ ಬಂದು ಅದನ್ನು ಬಿಚ್ಚಿಕೊಂಡು ಹೋದರೆ ಆ ಕೆಲಸಕ್ಕೆ ಲೋಕದಲ್ಲಿ ಬೇರೆ ಹೆಸರುಂಟು. ಆದರೆ ಅಂತರಜಾಲದ ಅಂಗಡಿಗಳಲ್ಲಿ ಇಂಥ ಬಿಚ್ಚಿಕೊಳ್ಳುವಿಕೆ ವ್ಯಾಪಾರದ ನಿಯಮವೇ ಆಗಿದೆ. ೨೦೦೯ರ ಜುಲೈ ತಿಂಗಳಿನಲ್ಲಿ ಅಮೆಜಾನ್ ಕಂಪನಿಯವರು ತಾವು ಮಾರಿದ್ದ ಎರಡು ಪುಸ್ತಕಗಳನ್ನು ಕೊಂಡವರ ಕಿಂಡಲ್ ಯಂತ್ರಗಳಿಂದಲೇ ಅಳಿಸಿಹಾಕಿದರು. ಪ್ರಕಟಿಸಿದವನಿಗೆ ಹಕ್ಕಿರಲಿಲ್ಲವೆಂಬುದು ಅವರ ಸಮಾಧಾನ. ಹಣವನ್ನು ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಆ ಎರಡು ಪುಸ್ತಕಗಳಲ್ಲಿ ಒಂದು ಜಾರ್ಜ್ ಆರ್ವೆಲನ ‘೧೯೮೪’: ದಾಖಲೆಗಳನ್ನು ಅಳಿಸುವುದನ್ನೇ ಸರಕಾರವು ಕಸುಬಾಗಿ ಮಾಡಿಕೊಂಡ ನಾಡಿನ ಕಥೆ. ಇಂಥ ಹಾಸ್ಯವನ್ನು ವಿಧಿಯಲ್ಲದೆ ಮತ್ತಾರೂ ಕಲ್ಪಿಸಲಾರರು.

ಪುಸ್ತಕಕ್ಕೆ ಆದುದು ಚಿತ್ರಕ್ಕೂ ಆಗುವುದರಲ್ಲಿತ್ತು. ೨೦೨೩ರ ಕೊನೆಯಲ್ಲಿ ಸೋನಿ ಕಂಪನಿಯವರು, ತಮ್ಮ ಪ್ಲೇಸ್ಟೇಷನ್ ಗಿರಾಕಿಗಳು ಹಣ ತೆತ್ತು ‘ಕೊಂಡಿದ್ದ’ ಡಿಸ್ಕವರಿ ಸಂಸ್ಥೆಯ ಕಾರ್ಯಕ್ರಮಗಳೆಲ್ಲ ಆ ವರ್ಷದ ಡಿಸೆಂಬರ್ ೩೧ರಿಂದ ಕಾಣದಾಗುವುವೆಂದು ಸಾರಿದರು. ಕೂಗಾಟವೆದ್ದ ಮೇಲೆ, ಗಡುವು ಬರುವ ಮುನ್ನ, ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು. ಹಿಂದಕ್ಕೆ ತೆಗೆದುಕೊಂಡುದು ಸಂತೋಷವೇ. ಆದರೆ ಕೊಂಡವನ ಸ್ವತ್ತು ಮಾರಿದವನ ದಯೆಯಿಂದ ಉಳಿಯಿತೆಂದರೆ ಅದು ಸ್ವತ್ತಾಗುವುದು ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದವರಿಗೆ ಈ ಸಂದೇಹ ಬಂದಿತು. ಅವರು ೨೦೨೪ರಲ್ಲಿ ಶಾಸನ ಮಾಡಿ, ಹಿಂತೆಗೆದುಕೊಳ್ಳಬಹುದಾದ ಅನುಮತಿಯನ್ನು ಮಾತ್ರ ಕೊಡುವ ವರ್ತಕನು, ಅದು ಅನುಮತಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದ ಹೊರತು, ತನ್ನ ಗುಂಡಿಯ ಮೇಲೆ ‘ಕೊಳ್ಳಿರಿ’ ಎಂದು ಬರೆಯಕೂಡದೆಂದು ವಿಧಿಸಿದರು. ೨೦೨೫ರ ಜನವರಿ ೧ರಿಂದ ಅದು ಜಾರಿಯಲ್ಲಿದೆ. ಒಂದು ಕ್ರಿಯಾಪದದ ಮಾನವನ್ನು ಉಳಿಸಲು ಶಾಸನಸಭೆ ಕೂಡಬೇಕಾಯಿತು!

ಹೀಗೆಂದ ಮಾತ್ರಕ್ಕೆ ಓಟಿಟಿ ಎಂದು ಕರೆಯಲ್ಪಡುವ ಸ್ಟ್ರೀಮಿಂಗಿನ ಪ್ರಯೋಜನವನ್ನು ಅಲ್ಲಗಳೆದಂತಾಗಲಿಲ್ಲ. ಚಿತ್ರಮಂದಿರವೇ ಇಲ್ಲದ ಹೋಬಳಿಯ ಊರಿನಲ್ಲಿ ರೈತನ ಮಗನು ಜಪಾನಿನ ಚಿತ್ರವೊಂದನ್ನು ನೋಡಬಲ್ಲನಾದರೆ, ದುಬೈಯಲ್ಲಿ ದುಡಿಯುವ ಮಂಗಳೂರಿನವನು ಕನ್ನಡ ಚಿತ್ರವನ್ನು ಬಿಡುಗಡೆಯಾದ ಕೆಲವು ವಾರಗಳಲ್ಲಿಯೇ ಕಾಣಬಲ್ಲನಾದರೆ, ಅದು ಅಲ್ಪ ಉಪಕಾರವಲ್ಲ. ತಿಂಗಳ ಬಾಡಿಗೆಯನ್ನು ಬಾಡಿಗೆಯೆಂದೇ ತಿಳಿದು ಕೊಡುವವನಿಗೆ ಮೋಸವೂ ಇಲ್ಲ. ತಪ್ಪು ಇರುವುದು ಬಾಡಿಗೆಯ ಮನೆಯನ್ನು ಪಿತ್ರಾರ್ಜಿತವೆಂದು ಭ್ರಮಿಸಿ, ಇದ್ದ ಸ್ವಂತ ಮನೆಯನ್ನು ಕೆಡವಿಕೊಳ್ಳುವುದರಲ್ಲಿ.

ಬಾಡಿಗೆಯ ಮನೆಯ ಒಡೆಯನು ಯಾವಾಗ ಬೀಗ ಹಾಕುವನೆಂಬುದು ಒಕ್ಕಲಿಗೆ ತಿಳಿಯದು. ‘ಅನ್ನಪೂರಣಿ’ ಎಂಬ ತಮಿಳು ಚಿತ್ರವು ಸೆನ್ಸಾರ್ ಮಂಡಲಿಯ ಪ್ರಮಾಣಪತ್ರ ಪಡೆದು ೨೦೨೩ರ ಡಿಸೆಂಬರಿನಲ್ಲಿ ಚಿತ್ರಮಂದಿರಗಳಿಗೆ ಬಂದಿತು. ತಿಂಗಳ ಕೊನೆಗೆ ನೆಟ್‌ಫ್ಲಿಕ್ಸಿನಲ್ಲಿ ಕಾಣಿಸಿತು. ಕೆಲವರು ಆಕ್ಷೇಪಿಸಿ ಫಿರ್ಯಾದು ಮಾಡಿದ ಮೇಲೆ ೨೦೨೪ರ ಜನವರಿಯಲ್ಲಿ ಅಲ್ಲಿಂದ ಮಾಯವಾಯಿತು. ಆ ಚಿತ್ರದ ಗುಣದೋಷಗಳ ವಿಮರ್ಶೆ ಇಲ್ಲಿ ಪ್ರಕೃತವಲ್ಲ. ವಿಮರ್ಶೆ ಮಾಡಬೇಕಾದರೂ ಚಿತ್ರವು ಎದುರಿಗಿರಬೇಕಷ್ಟೆ. ಇನ್ನು ಆಕ್ಷೇಪವೇ ಇಲ್ಲದೆ, ಲೆಕ್ಕಪತ್ರದ ಅನುಕೂಲಕ್ಕಾಗಿ ತೆಗೆದವೂ ಉಂಟು. ಡಿಸ್ನಿ ಕಂಪನಿಯವರು ೨೦೨೨ರ ನವೆಂಬರಿನಲ್ಲಿ ಆರಂಭಿಸಿದ ‘ವಿಲೋ’ ಎಂಬ ಧಾರಾವಾಹಿಯನ್ನು ೨೦೨೩ರ ಮೇ ತಿಂಗಳಿನಲ್ಲಿ, ವೆಚ್ಚ ಕಡಮೆ ಮಾಡುವ ನೆವದಿಂದ, ತಮ್ಮ ಭಂಡಾರದಿಂದಲೇ ಕಿತ್ತುಹಾಕಿದರು. ತಯಾರಿಸಿದವರೇ ತಮ್ಮ ಕೂಸನ್ನು ಆರು ತಿಂಗಳಿಗೆ ಮನೆಯಿಂದ ಹೊರಗಟ್ಟಿದರೆಂದ ಮೇಲೆ, “ದೊಡ್ಡ ಕಂಪನಿಗಳು ಎಲ್ಲವನ್ನೂ ಭದ್ರವಾಗಿ ಕಾಯುತ್ತವೆ” ಎಂಬ ಭರವಸೆಗೆ ಆಧಾರವೇನುಳಿಯಿತು?

ಸಾಹಿತ್ಯದ ಅಭ್ಯಾಸಿಗಳಿಗೆ ಇನ್ನೊಂದು ಭಯವೂ ತೋರಬೇಕು. ಪಾಠಾಂತರವೆಂದರೇನೆಂಬುದು ಹಳಗನ್ನಡ ಕಾವ್ಯವನ್ನು ಮುಟ್ಟಿದವರಿಗೆಲ್ಲ ತಿಳಿದಿದೆ: ಹಲವು ಪ್ರತಿಗಳಿದ್ದರೆ ತಾನೆ ಮೂಲವಾವುದು, ತಿದ್ದಿದುದಾವುದು ಎಂದು ಒರೆಹಚ್ಚಬಹುದು? ‘ದಿ ಫ್ರೆಂಚ್ ಕನೆಕ್ಷನ್’ ಎಂಬ ೧೯೭೧ರ ಪ್ರಸಿದ್ಧ ಚಿತ್ರದ ಒಂದು ಸಣ್ಣ ಭಾಗ ಸ್ಟ್ರೀಮಿಂಗಿನ ಪ್ರತಿಯಲ್ಲಿ ಕತ್ತರಿಸಿಹೋಗಿದೆಯೆಂಬುದು ೨೦೨೩ರಲ್ಲಿ ಬಯಲಾಯಿತು. ಆ ಭಾಗದಲ್ಲಿದ್ದುದು ಕಪ್ಪುಜನರನ್ನು ಹೀಗಳೆಯುವ ಹೇಸಿಗೆಯ ಮಾತು. ಅದನ್ನು ಮೆಚ್ಚುವವರಾರೂ ಇಲ್ಲ. ಆದರೆ ಆ ಪಾತ್ರದ ಹೀನತೆಯನ್ನು ಕಾಣಿಸುವುದೇ ಆ ಮಾತು. ಹಳೆಯ ಡಿಸ್ಕುಗಳಲ್ಲಿ ಅದು ಇನ್ನೂ ಹಾಗೆಯೇ ಇದೆ. ಡಿಸ್ಕುಗಳೇ ಇಲ್ಲದಿದ್ದರೆ ಕತ್ತರಿಸಿದವನ ಪಾಠವೇ ಮೂಲವೆನಿಸಿಕೊಳ್ಳುತ್ತಿದ್ದಿತು.

ಈಗ ಕನ್ನಡದ ವಿಚಾರ. ಕನ್ನಡದ ಮೊದಲ ವಾಕ್ಚಿತ್ರ ‘ಸತೀ ಸುಲೋಚನಾ’. ವೈ. ವಿ. ರಾವ್ ನಿರ್ದೇಶಿಸಿದ್ದು, ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ಮಾತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಕೊಲ್ಲಾಪುರದಲ್ಲಿ ತಯಾರಾಗಿ ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡದ ತೆರೆಯ ಮೊದಲ ಮಾತು ಹೇಗಿತ್ತೆಂದು ಕೇಳಬೇಕೆಂದರೆ ಕೇಳಿಸುವವರಿಲ್ಲ. ಹಿಂದಿಯ ಮೊದಲ ವಾಕ್ಚಿತ್ರ ‘ಆಲಂ ಆರಾ’ದ ಗತಿಯೂ ಇದೇ. ಆಗಿನ ನೈಟ್ರೇಟ್ ಫಿಲಮ್ಮು ಬೇಗನೆ ಉರಿಯುವ, ತಾನೇ ಕೊಳೆಯುವ ಪದಾರ್ಥ. ಸಾಲದುದಕ್ಕೆ ಹಳೆಯ ಸುರುಳಿಗಳನ್ನು ಕರಗಿಸಿ ಅದರಲ್ಲಿಯ ಬೆಳ್ಳಿಯನ್ನು ತೆಗೆದುಕೊಂಡವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು ೧೯೬೪ರಲ್ಲಿ, ಅಂದರೆ ಸುಲೋಚನೆಯ ಚಿತ್ರ ಬಂದು ಮೂವತ್ತು ವರ್ಷಗಳ ಮೇಲೆ. ಆದರೆ ಫಿಲಮ್ಮಿನ ದೋಷ, ಸಂಗ್ರಹಾಲಯದ ತಡ, ಇವೆರಡಕ್ಕಿಂತಲೂ ಹಿರಿದಾದ ಕಾರಣ ಮತ್ತೊಂದಿದೆ: ಪ್ರೇಕ್ಷಕರಲ್ಲಿ ಯಾರೊಬ್ಬರ ಕೈಯಲ್ಲಿಯೂ ಅದರ ಪ್ರತಿ ಇರಲಿಲ್ಲ. ಸಾವಿರಾರು ಮಂದಿ ಕಾಸು ಕೊಟ್ಟು ನೋಡಿ ಮನೆಗೆ ಹೋದರು. ಇರುವ ಕೆಲವು ಪ್ರತಿಗಳು ವ್ಯಾಪಾರಿಗಳ ಕೈಯಲ್ಲಿ. ವ್ಯಾಪಾರ ಮುಗಿದ ಮೇಲೆ ಅವು ಕಸ. ಇಂದಿನ ಸ್ಟ್ರೀಮಿಂಗಿನ ಏರ್ಪಾಡು ಇದಕ್ಕಿಂತ ಯಾವ ರೀತಿಯಲ್ಲಿ ಬೇರೆ?

ಹೊರದೇಶಗಳ ಎರಡು ನಿದರ್ಶನಗಳು ಈ ಮಾತನ್ನು ಇನ್ನೊಂದು ಕಡೆಯಿಂದ ಸ್ಥಾಪಿಸುತ್ತವೆ. ಜರ್ಮನಿಯ ‘ಮೆಟ್ರೊಪೊಲಿಸ್’ (೧೯೨೭) ಚಿತ್ರವನ್ನು ವ್ಯಾಪಾರಿಗಳು ಕತ್ತರಿಸಿ ಗಿಡ್ಡಮಾಡಿ, ಕಾಲುಭಾಗದಷ್ಟು ನಷ್ಟವಾಗಿಹೋಗಿತ್ತು. ೨೦೦೮ರಲ್ಲಿ ಬಹುಮಟ್ಟಿಗೆ ಪೂರ್ಣವಾದ ಪ್ರತಿಯೊಂದು ದೊರೆತುದು ಬರ್ಲಿನ್ನಿನಲ್ಲಲ್ಲ, ಅರ್ಜೆಂಟೀನದ ಬ್ಯೂನಸ್ ಐರಿಸ್ಸಿನ ಒಂದು ವಸ್ತುಸಂಗ್ರಹಾಲಯದಲ್ಲಿ. ಅದರ ಮೂಲ ಹಿಂದೊಮ್ಮೆ ಒಬ್ಬ ಖಾಸಗಿ ಸಂಗ್ರಾಹಕನ ಕೈಯಲ್ಲಿದ್ದುದು. ಡ್ರೇಯರನ ‘ಜೋನ್ ಆಫ್ ಆರ್ಕ್‌’ ಚಿತ್ರದ (೧೯೨೮) ಮೂಲ ನೆಗೆಟಿವ್ ಸುಟ್ಟುಹೋಗಿ, ನಿರ್ದೇಶಕನು ಮಾಡಿದ್ದ ಪಾಠವೇ ಹೋಯಿತೆಂದು ಎಲ್ಲರೂ ಕೈಚೆಲ್ಲಿದ್ದರು. ೧೯೮೧ರಲ್ಲಿ ಅದು ನಾರ್ವೆಯ ಓಸ್ಲೊ ನಗರದ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಸಿಕ್ಕಿತು. ಅಲ್ಲಿಗೆ ಅದು ಏಕೆ ಹೋಯಿತೋ ದೇವರೇ ಬಲ್ಲ. ಆದರೆ ಹೋಗಲು ಒಂದು ‘ವಸ್ತು’ವಾಗಿತ್ತು, ಆದುದರಿಂದ ಉಳಿಯಿತು. ಕನ್ನಡದಲ್ಲಿಯೂ ಇಂಥ ಭಾಗ್ಯ ಒಮ್ಮೆ ಒದಗಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (೧೯೭೭) ೨೦೨೪ರಲ್ಲಿ ಹೊಸ ಕಾಂತಿಯಿಂದ ವೆನಿಸಿನ ಉತ್ಸವದಲ್ಲಿ ತೋರಿಸಲ್ಪಟ್ಟಿತು. ಅದರ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಕಾಪಾಡಲ್ಪಟ್ಟಿದ್ದುದರಿಂದಲೇ ಜೀರ್ಣೋದ್ಧಾರ ಸಾಧ್ಯವಾಯಿತು.

ಕನ್ನಡಿಗರಿಗೆ ಈ ತತ್ತ್ವವನ್ನು ಹೊರಗಿನವರು ಬಂದು ಕಲಿಸಬೇಕಾದುದಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಆಕೆಯ ಔದಾರ್ಯಕ್ಕೆ ನಿದರ್ಶನವಾಗಿ ಹೊಗಳುವರೇ ಹೊರತು ಆಕೆಯ ಬುದ್ಧಿಗೆ ನಿದರ್ಶನವಾಗಿ ಯಾರೂ ಹೊಗಳುವುದಿಲ್ಲ. ಚೆಲುವಾದ ಒಂದೇ ಪ್ರತಿಯನ್ನು ಬರೆಯಿಸಿ ಅರಮನೆಯ ಭಂಡಾರದಲ್ಲಿಟ್ಟು, ಬೇಕಾದವರು ಬಂದು ಕೇಳಿಕೊಂಡು ಹೋಗಲೆಂದು ಆಕೆ ಅಪ್ಪಣೆ ಮಾಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಒಂದು ಕಡೆ ಗೆದ್ದಲು ಹಿಡಿದರೆ ಇನ್ನೊಂದು ಕಡೆ ಉಳಿಯಬೇಕೆಂದರೆ ಪ್ರತಿಗಳು ಹಲವರ ಮನೆ ಸೇರಬೇಕು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡವೋಲೆಗಳನ್ನು ಕೂಡಿಹಾಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲಾದುದೂ, ಹೆಸರಿಲ್ಲದ ಎಷ್ಟೋ ಮನೆತನದವರು ಜಗುಲಿಯ ಮೇಲೆ ಆ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು ಪೂಜಿಸುತ್ತಿದ್ದುದರಿಂದ. ಅವರಲ್ಲಿ ಓದಬಲ್ಲವರು ಎಷ್ಟು ಮಂದಿಯೋ! ಓದದೆ ಇಟ್ಟುಕೊಂಡವರ ಋಣವೂ ಕನ್ನಡದ ಮೇಲಿದೆ. “ಒಮ್ಮೆ ನೋಡಿದ ಮೇಲೆ ಡಿವಿಡಿ ಏಕೆ?” ಎನ್ನುವವರು ಇದನ್ನು ಕೊಂಚ ಯೋಚಿಸಬಹುದು.

ಎದುರುವಾದಿಗಳಲ್ಲಿ ಬಲ್ಲವರು ಒಂದು ನ್ಯಾಯವಾದ ಆಕ್ಷೇಪವನ್ನು ತರುತ್ತಾರೆ. ಡಿಸ್ಕು ಅಮರವೇನು? ಅಲ್ಲ. ಮಲೆನಾಡಿನ ನಾಲ್ಕು ಮಳೆಗಾಲಗಳಲ್ಲಿ ಬೂಷ್ಟು ಹಿಡಿದು ಹೋದ ತಟ್ಟೆಗಳುಂಟು. ಮನೆಯಲ್ಲಿ ಬರೆದುಕೊಂಡ ತಟ್ಟೆ ಕಾರ್ಖಾನೆಯಲ್ಲಿ ಅಚ್ಚಾದುದಕ್ಕಿಂತ ಬೇಗ ಕೆಡುತ್ತದೆ. ತಟ್ಟೆಯನ್ನು ನಡೆಸುವ ಯಂತ್ರಗಳನ್ನು ಮಾಡುವವರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಲೋಕವನ್ನು ಆರು ಸೀಮೆಗಳಾಗಿ ಒಡೆದು, ಅಮೆರಿಕದಲ್ಲಿ ಕೊಂಡ ಡಿವಿಡಿ ಭಾರತದ ಯಂತ್ರದಲ್ಲಿ ನಡೆಯದಂತೆ ಕಟ್ಟುಪಾಡು ಮಾಡಿದವರೂ ಈ ಡಿಸ್ಕಿನ ವ್ಯಾಪಾರಿಗಳೇ, ಅವರನ್ನು ಸಂತರೆನ್ನಬೇಕಾದುದಿಲ್ಲ. ಆದುದರಿಂದ ಜಗಳವು ತಟ್ಟೆಗೂ ಕಡತಕ್ಕೂ ಅಲ್ಲ. ಬೀಗವಿಲ್ಲದ ಕಡತವೊಂದನ್ನು ನ್ಯಾಯವಾದ ಬೆಲೆ ತೆತ್ತು ಡೌನ್‌ಲೋಡ್ ಮಾಡಿಕೊಂಡು ಸ್ವಂತ ಹಾರ್ಡ್‌ಡಿಸ್ಕಿನಲ್ಲಿಟ್ಟುಕೊಂಡವನು ನಿಜವಾಗಿ ಕೊಂಡವನೇ. ಬೀಗವಿದ್ದು ಬೀಗದ ಕೈ ಕಂಪನಿಯಲ್ಲಿಯೇ ಉಳಿದರೆ ಅದು ಅವನ ಮನೆಯಲ್ಲಿದ್ದರೂ ಅವನದಲ್ಲ. ಕದ್ದು ಇಳಿಸಿಕೊಳ್ಳುವವರು ಇದನ್ನು ಓದಿ ಹಿಗ್ಗುವುದು ಬೇಡ. ಚಿತ್ರವನ್ನು ಮಾಡಿದವನಿಗೆ ಕೂಲಿ ಕೊಡದೆ ಅವನ ಚಿತ್ರವನ್ನು ಉದ್ಧರಿಸುವೆನೆಂಬುದು ಹಾಸ್ಯಾಸ್ಪದ.

ಉಳಿದುದು ನಿರ್ಮಾಪಕರ ಮಾತು: “ಡಿಸ್ಕು ಮಾಡಿದರೆ ಕೊಳ್ಳುವವರಾರು?” ೨೦೦೬-೦೭ರ ಸುಮಾರಿನಲ್ಲಿ ಮೋಸರ್ ಬೇರ್ ಕಂಪನಿಯವರು ವಿಸಿಡಿಯನ್ನು ೨೮ ರೂಪಾಯಿಗೂ ಡಿವಿಡಿಯನ್ನು ೩೪ ರೂಪಾಯಿಗೂ ಮಾರತೊಡಗಿದಾಗ ಕೊಳ್ಳುವವರಿದ್ದರು. ಕಂಪನಿ ಆಮೇಲೆ ಮುಳುಗಿತು; ೨೦೧೮ರಲ್ಲಿ ಅದನ್ನು ಮುಚ್ಚಲು ಆಜ್ಞೆಯಾಯಿತು. ಅಷ್ಟರಿಂದ ಸಿದ್ಧವಾಗುವುದು ಲಕ್ಷಗಟ್ಟಲೆ ಅಚ್ಚುಮಾಡುವ ವ್ಯಾಪಾರದ ಕಾಲ ಮುಗಿಯಿತೆಂಬುದು ಮಾತ್ರ. ಕವನಸಂಗ್ರಹವನ್ನು ಲಕ್ಷ ಪ್ರತಿ ಅಚ್ಚುಮಾಡಿ ಬದುಕುತ್ತೇವೆಂದು ಯಾವ ಪ್ರಕಾಶಕನೂ ಹೊರಡುವುದಿಲ್ಲ. ಐನೂರು ಪ್ರತಿ ಮಾಡುತ್ತಾನೆ, ಮುಂಗಡ ಚಂದಾ ಕೂಡಿಸುತ್ತಾನೆ, ಪುಸ್ತಕ ಉಳಿಯುತ್ತದೆ. ಈಚಿನ ವರ್ಷಗಳ ಬಹುತೇಕ ಕನ್ನಡ ಚಿತ್ರಗಳಿಗೆ ಆ ಐನೂರು ಪ್ರತಿಯ ಭಾಗ್ಯವೂ ಇಲ್ಲ.

ಜಿಲ್ಲಾ ಸಾಹಿತ್ಯ ಸಂಘಗಳು ಮಾಡಬೇಕಾದ ಕೆಲಸ ಇಲ್ಲಿಯೇ ಇದೆ. ಪುಸ್ತಕಭಂಡಾರದ ಒಂದು ಬೀರುವನ್ನು ಕನ್ನಡ ಚಿತ್ರಗಳಿಗೆ ಮೀಸಲಿಡಲಿ. ಸದಸ್ಯರ ಮನೆಗಳಲ್ಲಿ ಬೇಡವಾಗಿ ಬಿದ್ದಿರುವ ಹಳೆಯ ವಿಸಿಡಿ ಡಿವಿಡಿಗಳನ್ನು ಗುಜರಿಯವನಿಗೆ ಹಾಕುವ ಮುನ್ನ ಕೇಳಿ ತರಲಿ. ಒಂದೊಂದು ವರ್ಷಕ್ಕೆ ಒಂದೊಂದು ಚಿತ್ರಕ್ಕೆ ಚಂದಾ ಕೂಡಿಸಿ ನಿರ್ಮಾಪಕರ ಬಾಗಿಲಿಗೆ ಹೋಗಲಿ. ತಟ್ಟೆಯೊಡನೆ ಬೀಗವಿಲ್ಲದ ಕಡತವನ್ನೂ, ಅದನ್ನು ಭಂಡಾರದಲ್ಲಿ ಕಾಪಾಡಲು ನಕಲು ಮಾಡಿಕೊಳ್ಳಬಹುದೆಂಬ ಬರವಣಿಗೆಯನ್ನೂ ಅವರಿಂದ ಪಡೆಯಬೇಕು. ಐದು ವರ್ಷಕ್ಕೊಮ್ಮೆ ಅದನ್ನು ಹೊಸ ಹಾರ್ಡ್‌ಡಿಸ್ಕಿಗೆ ಇಳಿಸಿ ಪರೀಕ್ಷಿಸುವ ಹೊಣೆ ಭಂಡಾರಿಯದು, ಹಿಂದೆ ಓಲೆಗರಿಗೆ ಎಣ್ಣೆ ಸವರುವ ಹೊಣೆ ಮನೆಯ ಹಿರಿಯರದಾಗಿದ್ದಂತೆ.