ಇಳಿಸಿದ ಮಕ್ಕಳು ಎಲ್ಲಿಗೆ ಹೋದರು?

ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ನಮ್ಮ ರಾಯಚೂರು ಜಿಲ್ಲೆಯ ಅಧಿಕಾರಿವರ್ಗದಲ್ಲಿ ಬಾಲಕಾರ್ಮಿಕರ ಮೇಲೆ ವಾರ್ಷಿಕ ಕರುಣೆಯೊಂದು ಉಕ್ಕುತ್ತದೆ. ಈ ವಾರವೂ ದೇವದುರ್ಗದ ಹಾದಿಯಲ್ಲಿ ಸರಕು ವಾಹನಗಳನ್ನು ತಡೆದದ್ದಾಯಿತು, ಬುತ್ತಿಗಂಟು ಹಿಡಿದ ಮಕ್ಕಳನ್ನು ಇಳಿಸಿ ಸಾಲಾಗಿ ನಿಲ್ಲಿಸಿ ಭಾವಚಿತ್ರ ತೆಗೆಸಿದ್ದಾಯಿತು. ಮರುದಿನ ಅವರು ಯಾವ ವಾಹನ ಹತ್ತಿದರೆಂಬುದನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣೆ.

ಶಾಸನಗಳಿಗೇನೂ ದಾರಿದ್ರ್ಯವಿಲ್ಲ. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಬಾಲಕನ ಕೈಹಿಡಿದು ಹದಿನಾಲ್ಕನೆಯ ವಯಸ್ಸಿನವರೆಗೆ ನಡೆಸಿ ಅಲ್ಲಿಯೇ ಬೀಳ್ಕೊಡುತ್ತದೆ; 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯಾದರೋ, ಅದೇ ವಯಸ್ಸು ದಾಟಿದವನನ್ನು ಅಪಾಯಕಾರಿಯಲ್ಲದ ದುಡಿಮೆಗೆ ಧಾರಾಳವಾಗಿ ಒಪ್ಪಿಸಿಬಿಡುತ್ತದೆ. ತಂದೆತಾಯಿಗಳು ಬೆಂಗಳೂರಿಗೋ ಪುಣೆಗೋ ಗುಳೆ ಹೋದಾಗ ಊರಿನಲ್ಲಿಯೇ ಉಳಿದು ಓದಬಯಸುವ ಹುಡುಗನಿಗೆ ಒಂದು ಹಾಸಿಗೆ, ಎರಡು ಹೊತ್ತಿನ ಊಟ, ಹೊಣೆಹೊತ್ತ ಒಬ್ಬ ಹಿರಿಯ, ಇಷ್ಟನ್ನು ಒದಗಿಸದೆ ‘ಶಾಲೆಗೆ ಬಾ’ ಎಂದು ಗೋಡೆಯ ಮೇಲೆ ಬರೆಸುವುದು ಪರಿಹಾಸ್ಯವಲ್ಲದೆ ಮತ್ತೇನು?

ನನ್ನ ಹಳೆಯ ಹಾಡು ಓದುಗರಿಗೆ ಬಾಯಿಪಾಠವಾಗಿರಬಹುದು: ಮೊದಲು ಮೇಷ್ಟರನ್ನು ಕಳಿಸಿ. ಹಿಂದೊಮ್ಮೆ ಮಾನ್ವಿಯ ಬಸ್ ನಿಲ್ದಾಣದಲ್ಲಿ, ಹತ್ತಿಕಾಯಿಯ ಸಿಪ್ಪೆ ಗೀರಿ ಬೆರಳ ತುದಿಯೆಲ್ಲ ಒಡೆದಿದ್ದ ಹುಡುಗಿಯೊಬ್ಬಳನ್ನು, “ಸಾಲಿ ಯಾಕ ಬಿಟ್ಟೆವ್ವಾ?” ಎಂದು ಕೇಳಿದೆ. “ಸಾಲ್ಯಾಗ ಲೆಕ್ಕದ ಸರ್ ಇಲ್ರಿ. ಹೊಲದಾಗ ಎಲ್ಲಾರ ಕೆಜಿ ಲೆಕ್ಕ ನಾನೇ ಹಾಕ್ತೀನ್ರಿ” ಎಂದಳು; ಹಾಗೆಂದವಳೇ ಅಂದಿನ ಇಡೀ ಗುಂಪಿನ ಕೂಲಿಯನ್ನು ಕಾಗದದ ಹಂಗಿಲ್ಲದೆ ಒಪ್ಪಿಸಿದಳು.

ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿಯೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಕೂಡಿಸಿತು. ತರುವಾಯ ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದಿತು. ಕಾಲೇಜಿನಲ್ಲಿ ಸ್ಥಾನ, ಸರ್ಕಾರಿ ಕೆಲಸದಲ್ಲಿ ಪಾಲು, ಎಲ್ಲವೂ ಸ್ತುತ್ಯವೇ. ಆದರೆ ಎಂಟನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟವಳಿಗೆ ಆ ಮೀಸಲಾತಿಯಿಂದ ಬಂದ ಭಾಗ್ಯವೇನು? ಫಲ ಉಂಡವರು ರಾಯಚೂರು ನಗರದ ನಾವು, ನಮ್ಮ ಮಕ್ಕಳು.

ಈ ನಗರದಲ್ಲಿ 2022ರಿಂದ ಏಮ್ಸ್ ಬೇಕೆಂದು ಹೋರಾಟ ನಡೆದಿದೆ. ಬೇಡಿಕೆ ನ್ಯಾಯವಾದದ್ದೇ, ನನ್ನ ಆಕ್ಷೇಪವಿಲ್ಲ. ಆದರೆ ಆ ಹೋರಾಟದ ಶಾಮಿಯಾನದ ಕೆಳಗೆ, ಹಳ್ಳಿಯ ಶಾಲೆಗೊಬ್ಬ ಗಣಿತದ ಮೇಷ್ಟರು ಬೇಕೆಂದು ಮಹನೀಯರು ಒಂದು ದಿನವಾದರೂ ಕುಳಿತದ್ದನ್ನು ನಾನು ಕಂಡಿಲ್ಲ. ಹತ್ತಿ ಬಿಡಿಸುವವರ ಮಕ್ಕಳು ಆ ಆಸ್ಪತ್ರೆಗೆ ವೈದ್ಯರಾಗಿ ಬರುವರೆಂದು ಅವರೂ ನಂಬಿಲ್ಲ; ರೋಗಿಗಳಾಗಿ ಬಂದರೆ ಸಾಕೆಂದುಕೊಂಡಿದ್ದಾರೆ.